ಬೈತಲೆಯ ಇರುವೆ ಸಾಲು

ನನ್ನ ಮಗಳ ತಲೆ ಕಾಣದ ಬಣ್ಣವಿಲ್ಲ. ಒಮ್ಮೆ ತಿಳಿ ಗುಲಾಬಿ, ಒಮ್ಮೆ ಆಕಾಶದ ನೀಲಿ, ಒಮ್ಮೆ ಎಳೆಗೂಸಿನ ಟೋಪಿಯ ಹಳದಿ. ಮೊದಲ ಸಲ ಅವಳು ಗುಲಾಬಿ ತಲೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಾಗ ನನ್ನ ಗಂಡ ಪೇಪರಿನಿಂದ ಕಣ್ಣೆತ್ತಿ, "ಯಾರು ಬೇಕಿತ್ತಮ್ಮಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ನಾಳೆ ನಾನು ಬೇರೆಯವರ ತಲೆ ಇಟ್ಟುಕೊಂಡು ಬಂದರೂ ಈ ಮನುಷ್ಯ ಊಟಕ್ಕೆ ಏನಿದೆ ಎಂದೇ ಕೇಳುವುದು. ಹಾಗಾಗಿ ಈ ಕತೆಯಲ್ಲಿ ಅವರಿಗೆ ಇದಕ್ಕಿಂತ ಹೆಚ್ಚಿನ ಕೆಲಸವಿಲ್ಲ.

ಮಗಳನ್ನು ನಾವು ಮೆಣಸು ಎನ್ನುತ್ತೇವೆ. ಹುಟ್ಟಿದಾಗ ಕಾಳುಮೆಣಸಿನಷ್ಟಿದ್ದಳು, ಮಾತು ಬಂದ ಮೇಲೆ ಹೆಸರು ಇನ್ನೂ ಚೆನ್ನಾಗಿ ಒಪ್ಪಿತು. ಕೆಲಸ ಪಾರ್ಲರಿನಲ್ಲಿ. ಸಂಜೆ ಮನೆಗೆ ಬಂದು ಒಂದು ಗೊಂಬೆಯ ತಲೆಯನ್ನು ಊಟದ ಮೇಜಿಗೆ ಕಚ್ಚಿಸಿ, ಅದರ ಕೂದಲಿಗೆ ಬ್ಲೀಚ್ ಹಚ್ಚುತ್ತಾ ನನಗೆ ಪಾಠ ಹೇಳುವಳು. ಕಪ್ಪು ಕೂದಲ ಮೇಲೆ ತಿಳಿಬಣ್ಣ ಕೂರುವುದಿಲ್ಲವಂತೆ. ಮೊದಲು ಕಪ್ಪನ್ನು ತೆಗೆಯಬೇಕು. ಕಪ್ಪು ಹೋಗುವಾಗ ಮೊದಲು ಇಟ್ಟಿಗೆ ಬಣ್ಣ, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈ. ಅಲ್ಲಿಗೆ ಬಂದ ಮೇಲಷ್ಟೇ ಗುಲಾಬಿಯೋ ನೀಲಿಯೋ. "ಯಾರ ತಲೇನೂ ಕಿತ್ತಳೆ ದಾಟದೆ ಬೆಳ್ಳಗಾಗಲ್ಲಮ್ಮಾ," ಎನ್ನುವಳು, ದೊಡ್ಡ ವೇದಾಂತ ಹೇಳಿದವಳ ಹಾಗೆ. ನಾನು ಲಾಂಡ್ರಿಯಲ್ಲಿ ಕೂತು ಬೇರೆಯವರ ಪ್ಯಾಂಟಿನ ಅಂಚು ಮಡಿಚುವವಳು, ಜಿಪ್ಪು ಬದಲಿಸುವವಳು. ಬಟ್ಟೆಯ ಬಣ್ಣ ಹೋದರೆ ನಮ್ಮಲ್ಲಿ ಗಿರಾಕಿ ಜಗಳಕ್ಕೆ ಬರುತ್ತಾರೆ. ಇವಳಲ್ಲಿ ಬಣ್ಣ ಹೋಗಲೆಂದೇ ಬರುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ಹಾಕಿದ ಬಣ್ಣ ನಾಲ್ಕು ಸಲ ತಲೆ ತೊಳೆದರೆ ನೀರುಪಾಲು. ಅಷ್ಟರಲ್ಲಿ ಬುಡದಲ್ಲಿ ಹೊಸ ಕಪ್ಪು ಮೊಳೆತು ಬೈತಲೆಯುದ್ದಕ್ಕೂ ಒಂದು ಗೆರೆ ಎಳೆದಂತಾಗುತ್ತದೆ. "ನಿನ್ನ ತಲೆ ಮೇಲೆ ಇರುವೆ ಸಾಲು ಹೊರಟಿದೆ ನೋಡೇ," ಎಂದು ನಾನು ಹಂಗಿಸುತ್ತಿದ್ದೆ. ಹೋದ ಚಳಿಗಾಲದಿಂದ ಆ ಸಾಲು ಕಾಣುವುದು ನಿಂತಿತ್ತು. ಹುಡುಗಿಗೆ ಬುದ್ಧಿ ಬಂತು, ಬುಡವನ್ನು ಶಿಸ್ತಾಗಿ ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಖುಷಿಪಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಅವಳಿಗೆ ಆ ಪಾರ್ಲರಿನಲ್ಲಿ ಸ್ವಂತ ಕುರ್ಚಿ ಬೇಕಿತ್ತು. ಇಷ್ಟು ದಿನ ಬಿದ್ದ ಕೂದಲು ಗುಡಿಸುವುದು, ತಲೆ ತೊಳೆಯುವುದು, ಬಣ್ಣ ಕಲಸಿ ಕೊಡುವುದು, ಇಷ್ಟೇ. ಕುರ್ಚಿ ಸಿಕ್ಕಿತೆಂದರೆ ಗಿರಾಕಿ ಇವಳವರು, ಕನ್ನಡಿಯ ಮುಂದಿನ ಕತ್ತರಿ ಇವಳದು. ಅದಕ್ಕೆ ಯಜಮಾನಿಯ ಎದುರು ಪರೀಕ್ಷೆ ಕೊಡಬೇಕು: ತನ್ನ ಕಡೆಯಿಂದ ಒಬ್ಬರನ್ನು ಕರೆತಂದು, ಅವರ ಕಪ್ಪು ಕೂದಲನ್ನು ತಿಳಿ ನೇರಳೆ ಮಾಡಿ ತೋರಿಸಬೇಕು. ಹುಡುಗಿ ಅದಕ್ಕೆ ಜೀವ ಬಿಡುತ್ತಿದ್ದಳು. "ಈ ವರ್ಷವೇ ಆಗ್ಬೇಕಮ್ಮಾ," ಎಂಬುದೇ ಜಪ. "ಯಾಕೆ, ಮುಂದಿನ ವರ್ಷ ಕುರ್ಚಿಗೆ ಕಾಲಿರಲ್ವಾ?" ಎಂದು ನಾನು ಕೇಳಿದರೆ ಅವಳು ನಗಲಿಲ್ಲ. ಪ್ರತಿಯೊಂದಕ್ಕೂ ತಿರುಗೇಟು ಕೊಡುವವಳು ಆ ಮಾತಿಗೆ ಮಾತ್ರ ಎದ್ದು ಒಳಗೆ ಹೋದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅವಳ ಗೆಳತಿಗೆ ಜ್ವರ. ತಲೆ ಕೊಡಬೇಕಿದ್ದವಳು ಅವಳೇ. ಮೆಣಸು ಫೋನ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮುಖ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು.

"ಅಮ್ಮಾ, ನೀನು ಬರ್ತೀಯಾ?"

ನನ್ನ ಕೈಯಲ್ಲಿದ್ದ ಲೋಟ ತೊಳೆಯುವ ತೊಟ್ಟಿಗೆ ಬಿತ್ತು. ಒಡೆಯಲಿಲ್ಲ, ಸ್ಟೀಲಿನದು.

ನನ್ನ ತಲೆಯ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ನಮ್ಮಮ್ಮನ ಕೂದಲು ಒಂದೇ ಬೇಸಿಗೆಯಲ್ಲಿ ಪೂರ್ತಿ ಬೆಳ್ಳಗಾಯಿತು. ಮುಂದಿನ ಬೇಸಿಗೆಗೆ ಅವಳಿರಲಿಲ್ಲ. ಆಮೇಲೆ ನನ್ನ ಅಕ್ಕ. ಅವಳದೂ ಹಾಗೆಯೇ, ಹಣೆಯಿಂದ ಶುರುವಾಗಿ ನೋಡನೋಡುತ್ತ ಹಿಂದಕ್ಕೆ ಹಬ್ಬಿತು. ವರ್ಷ ತುಂಬುವುದರೊಳಗೆ ಅವಳನ್ನೂ ಕಳಿಸಿಕೊಟ್ಟೆವು. ಅಮ್ಮನಿಗೆ ಕಿಡ್ನಿ, ಅಕ್ಕನಿಗೆ ಎದೆ. ಡಾಕ್ಟರುಗಳು ಕೂದಲಿನ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದ್ದು ನಮ್ಮ ಸೋದರಮಾವನ ಹೆಂಡತಿ. ಬೇರೆ ಮನೆಯಿಂದ ಬಂದವಳು, ಬಾಯಿಗೆ ಬಾಗಿಲಿಲ್ಲ. ಅಕ್ಕನ ಸಾವಿನ ಮನೆಯಲ್ಲಿ ಕೂತು, "ಈ ಮನೆ ಹೆಣ್ಮಕ್ಕಳಿಗೆ ತಲೆ ಬೆಳ್ಳಗಾದ್ರೆ ವರ್ಷ ದಾಟಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಗ ಮೆಣಸಿಗೆ ಒಂಬತ್ತು ವರ್ಷ. ಮಂಚದ ಕೆಳಗೆ ಬೆಕ್ಕನ್ನು ಹುಡುಕುತ್ತಿದ್ದವಳು ಅದನ್ನು ಕೇಳಿಸಿಕೊಂಡಳು.

ಅಂದಿನಿಂದ ನಾನು ತಲೆ ಒಣಗಿಸಲು ಕೂತರೆ ಸಾಕು, ಹಿಂದೆ ಬಂದು ನಿಲ್ಲುವಳು. ಚಿಕ್ಕ ಬೆರಳುಗಳಿಂದ ಕೂದಲನ್ನು ಸೀಳಿ ಸೀಳಿ ಹುಡುಕುವಳು. ಹೇನು ನೋಡುತ್ತಿದ್ದೀಯೇನೇ ಎಂದರೆ ಮಾತಿಲ್ಲ. ಕೊನೆಗೆ, "ನಿಂಗೆ ಬೆಳ್ಳಗಾಗಲ್ಲ ಅಲ್ವಾ?" ಎಂದು ಕೇಳುವಳು. "ಆಗಲ್ಲ ಕಣೇ," ಎಂದು ನಾನು ಹೇಳಬೇಕು, ಅವಳ ಕೈ ಮುಟ್ಟಿ ಹೇಳಬೇಕು. ಹೇಳಿದರೆ ಮಾತ್ರ ಆಟಕ್ಕೆ ಓಡುವಳು.

ಅವಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಹುಡುಕುವುದು ಬಿಟ್ಟಿದ್ದಳು. ನನ್ನ ಕಿವಿಯ ಹಿಂದೆ ಮೊದಲ ಬಿಳಿ ಕಂಡದ್ದು ಆಗಲೇ. ಒಂದು ಎಳೆಯಲ್ಲ, ಒಂದು ಹಿಡಿ.  ಸಾವಿಗೆ ಹೆದರಿದೆನೋ, ಆ ಹುಡುಗಿಯ ಮುಖಕ್ಕೆ ಹೆದರಿದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಒಂದು ಔಷಧಿ ತಂದೆ. ಮಾಮೂಲಿ ಬಣ್ಣವಲ್ಲ, ನೀರಿನಂಥದ್ದು. ದಿನಾ ಹಚ್ಚಿದರೆ ಯಾರಿಗೂ ತಿಳಿಯದ ಹಾಗೆ ಮೆಲ್ಲಗೆ ಕಪ್ಪಾಗುತ್ತಾ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಬಾಟಲಿಯನ್ನು ಕಕ್ಕಸು ತೊಳೆಯುವ ಬ್ರಷ್ಷಿನ ಹಿಂದೆ ಇಟ್ಟೆ. ನಮ್ಮ ಮನೆಯಲ್ಲಿ ನನ್ನ ಹೊರತು ಯಾರೂ ಕೈ ಚಾಚದ ಜಾಗ ಅದೊಂದೇ.

ಆ ವರ್ಷ ನಾನು ಕಳೆದ ರೀತಿ ಶತ್ರುವಿಗೂ ಬೇಡ. ಒಂದು ಕೆಮ್ಮು ಬಂದರೆ ಇದೇ ಎಂದುಕೊಳ್ಳುವುದು, ಒಂದು ರಾತ್ರಿ ಕಾಲು ಸೆಳೆದರೆ ಇದೇ ಎಂದುಕೊಳ್ಳುವುದು. ವರ್ಷ ದಾಟಿತು. ನಾನು ಬದುಕಿದ್ದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಭಯ ಹೊಕ್ಕಿತ್ತು. ನಾನು ಮುಚ್ಚಿಟ್ಟಿದ್ದೇನೆ, ಅದಕ್ಕೇ ಸಾವಿಗೆ ಗೊತ್ತಾಗಿಲ್ಲ. ತೆರೆದ ದಿನ ಗೊತ್ತಾಗುತ್ತದೆ. ನಗಬೇಡಿ. ಹಗಲಿನಲ್ಲಿ ನನಗೂ ನಗು ಬರುತ್ತಿತ್ತು. ಆದರೂ ಒಂದು ದಿನವೂ ಆ ಬಾಟಲಿ ಮುಟ್ಟದೆ ಇರಲಿಲ್ಲ.

ಇಂಥ ತಲೆಯನ್ನು ಮಗಳು ಕೇಳುತ್ತಿದ್ದಳು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಒಂದು ಬುದ್ಧಿ ಹೊಳೆಯಿತು. ಹೇಗಿದ್ದರೂ ಬ್ಲೀಚ್ ಹಚ್ಚುವುದು ಬೆಳ್ಳಗೆ ಮಾಡಲಿಕ್ಕೆ. ಎಲ್ಲ ಬೆಳ್ಳಗಾದ ಮೇಲೆ ಹುಟ್ಟು ಬಿಳಿ ಯಾವುದು, ಮಾಡಿದ ಬಿಳಿ ಯಾವುದು, ಯಾರು ಕಂಡರು? ಇದಕ್ಕಿಂತ ಒಳ್ಳೆಯ ಮುಚ್ಚಳ ಇನ್ನೊಂದಿಲ್ಲ. ಅವಳು ತಲೆ ಸೀಳಿ ನೋಡುವಾಗ ಬುಡದಲ್ಲಿ ಬಿಳಿ ಇಣುಕದಿದ್ದರೆ ಆಯಿತು. "ಸ್ನಾನ ಮಾಡಿ ಬರ್ತೀನಿ ಇರು," ಎಂದು ಬಚ್ಚಲಿಗೆ ಹೋಗಿ, ಬಾಟಲಿಯನ್ನು ಎಂದಿಗಿಂತ ಧಾರಾಳವಾಗಿ ಬುಡಕ್ಕೆ ಸುರಿದುಕೊಂಡೆ, ವಾಸನೆ ಏಳದಂತೆ ಮೇಲೆ ಎಣ್ಣೆ ಸವರಿದೆ. ಅತಿಬುದ್ಧಿ ಅಂದರೆ ನನ್ನದು.

ಪಾರ್ಲರ್ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಕನ್ನಡಿಗಳು, ಎದುರು ಗೋಡೆಗೆ ತಲೆ ತೊಳೆಯುವ ಬೇಸಿನ್ನುಗಳು. ಯಜಮಾನಿ ಸಣ್ಣ ಆಳು, ಮಾತು ಕಡಿಮೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಪರೀಕ್ಷೆಗೆ ನಿಂತವರು ಇಬ್ಬರೇ, ಮೆಣಸು ಮತ್ತು ಇನ್ನೊಬ್ಬ ಎತ್ತರದ ಹುಡುಗಿ. ಆ ಹುಡುಗಿ ತನ್ನ ಅತ್ತಿಗೆಯನ್ನು ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದಳು.

ಮಗಳು ನನ್ನ ಜಡೆ ಬಿಚ್ಚಿದಳು. ಎಷ್ಟೋ ವರ್ಷದ ಮೇಲೆ ಆ ಬೆರಳುಗಳು ನನ್ನ ನೆತ್ತಿಯ ಮೇಲೆ ಓಡಿದವು. ಕಣ್ಣು ಮುಚ್ಚಿಕೊಂಡೆ.

"ನೆತ್ತಿ ಯಾಕಮ್ಮಾ ಇಷ್ಟು ಕಪ್ಪಗಿದೆ?"

"ಬಿಸಿಲಲ್ಲಿ ನಡೀತೀನಲ್ಲ."

"ಕೊಡೆ ಹಿಡ್ಕೋ ಅಂದ್ರೆ ಕೇಳಲ್ಲ," ಎಂದಳು. ಅಷ್ಟೇ. ನಂಬಿದಳು.

ಯಜಮಾನಿ ಬಂದು ಹಿಂದೆ ನಿಂತಳು. ಎತ್ತರದ ಹುಡುಗಿಯ ಮುಂದೆ ಒಂದು ಗಾಜಿನ ಬಟ್ಟಲು ಇತ್ತು. ಅದರಲ್ಲಿ ಅತ್ತಿಗೆಯ ತಲೆಯಿಂದ ಕತ್ತರಿಸಿದ ನಾಲ್ಕು ಎಳೆ ಬ್ಲೀಚಿನ ಔಷಧಿಯಲ್ಲಿ ಮುಳುಗಿದ್ದವು. ನಮ್ಮ ಮುಂದೆ ಬಟ್ಟಲಿರಲಿಲ್ಲ.

"ನಿನ್ನ ಟೆಸ್ಟ್ ಎಲ್ಲಿ?" ಯಜಮಾನಿ ಕೇಳಿದಳು.

"ನಮ್ಮಮ್ಮ ಮೇಡಂ. ಇವಳ ತಲೆ ನಂಗೆ ಚಿಕ್ಕವಳಿದ್ದಾಗಿಂದ ಗೊತ್ತು. ಇವತ್ತಿನವರೆಗೆ ಎಣ್ಣೆ ಬಿಟ್ಟು ಏನೂ ಹಚ್ಚಿಲ್ಲ."

ಯಜಮಾನಿ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. "ಹೌದಾಮ್ಮಾ?"

"ಹೌದು," ಎಂದೆ. ಇಷ್ಟು ವರ್ಷದ ಸುಳ್ಳಿನ ಮೇಲೆ ಇನ್ನೊಂದು. ಒಜ್ಜೆ ಹೆಚ್ಚಾದದ್ದು ಗೊತ್ತಾಗಲಿಲ್ಲ.

ಮೆಣಸು ಬ್ಲೀಚ್ ಕಲಸಿದಳು. ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ, ಪ್ರತಿ ಪಾಲಿನ ಕೆಳಗೆ ಬೆಳ್ಳಿಯ ಬಣ್ಣದ ಫಾಯಿಲ್ ಇಟ್ಟು, ಬ್ರಷ್ಷಿನಿಂದ ತುದಿಯವರೆಗೆ ಬಳಿದು ಮಡಿಚಿದಳು. ಕೈ ಎಷ್ಟು ಚುರುಕು, ಎಷ್ಟು ಹಗುರ. ನಾನು ಹೊಲಿಗೆಯವಳು, ಕೈಯ ಬೆಲೆ ನನಗೆ ಗೊತ್ತು. ಈ ಹುಡುಗಿಗೆ ಕುರ್ಚಿ ಕೊಡದಿದ್ದರೆ ಇನ್ಯಾರಿಗೆ ಕೊಡುತ್ತಾರೆ ಎಂದುಕೊಂಡೆ. ಕೊನೆಯ ಫಾಯಿಲ್ ಮಡಿಚಿ ಅವಳು ನೇರಳೆ ಬಣ್ಣ ಕಲಸಲು ಮೂಲೆಯ ಮೇಜಿಗೆ ಹೋದಳು.

ಕತ್ತಿನ ಹಿಂದೆ ಬೆಚ್ಚಗಾಯಿತು. ಹೀಗೇ ಇರಬಹುದು ಎಂದು ಸುಮ್ಮನಿದ್ದೆ. ಪಕ್ಕದ ಅತ್ತಿಗೆ ಆರಾಮವಾಗಿ ಆಕಳಿಸುತ್ತಿದ್ದಳು.

ಯಜಮಾನಿ ಎತ್ತರದ ಹುಡುಗಿಯ ಬಟ್ಟಲನ್ನು ಬೆಳಕಿಗೆ ಹಿಡಿದಳು. "ಇದ್ಯಾಕೆ ಮಾಡ್ತೀವಿ, ಹೇಳು."

"ಕೆಲವರು ಮನೇಲಿ ಬಿಳಿ ಕೂದಲಿಗೆ ನೀರಿನ ಥರದ ಔಷಧಿ ಹಚ್ತಾರೆ ಮೇಡಂ. ದಿನಾ ಹಚ್ಚೋದು, ಮೆಲ್ಲಗೆ ಕಪ್ಪಾಗೋದು. ಅದ್ರಲ್ಲಿ ಲೋಹ ಇರುತ್ತೆ. ಅದ್ರ ಮೇಲೆ ನಮ್ಮ ಬ್ಲೀಚ್ ಬಿದ್ರೆ ಕುದಿಯುತ್ತೆ."

"ಕುದಿದ್ರೆ ಏನಾಗುತ್ತೆ?"

"ಫಾಯಿಲ್ ಸುಡುತ್ತೆ. ಹೊಗೆ ಬರುತ್ತೆ. ಕೂದಲು ನೆನೆದ ದಾರದ ಹಾಗೆ ಕಿತ್ತು ಬರುತ್ತೆ. ಚರ್ಮ ಬೇಯುತ್ತೆ. ಹಚ್ಚಿದವರು ನಾಚಿಕೆಗೆ ಹೇಳಲ್ಲ, ಅದಕ್ಕೇ ನಾವು ಅವರನ್ನ ಕೇಳೋದಲ್ಲ, ಕೂದಲನ್ನೇ ಕೇಳ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ತಲೆಯ ಕಡೆಗೆ ಎದ್ದಿತು. ಅರ್ಧದಲ್ಲಿ ಹಿಡಿದು ಮಡಿಲಿಗೆ ಇಳಿಸಿಕೊಂಡೆ. 

ಬೆಚ್ಚಗಿದ್ದದ್ದು ಬಿಸಿಯಾಯಿತು. ಮೊದಲು ಕತ್ತಿನ ಹಿಂದೆ, ಆಮೇಲೆ ಎರಡೂ ಕಿವಿಯ ಮೇಲೆ. ಬೆಳಿಗ್ಗೆ ಎಲ್ಲೆಲ್ಲಿ ಧಾರಾಳ ಮಾಡಿದ್ದೆನೋ ಅಲ್ಲೆಲ್ಲ. ಈಗ ಹೇಳಬೇಕು. ಹೇಳಿದರೆ ಯಜಮಾನಿಯ ಎದುರು ಮಗಳ ಪರೀಕ್ಷೆ ಮುಗಿಯಿತು. ಕುರ್ಚಿ ಹೋದರೆ ಹೋಗಲಿ, ಆದರೆ ಅವಳು ನನ್ನ ಬಿಳಿ ಬುಡ ನೋಡುತ್ತಾಳೆ. ಒಂಬತ್ತು ವರ್ಷದ ಆ ಮುಖ ಮತ್ತೆ ಬರುತ್ತದೆ. ಹೇಳದಿದ್ದರೆ ನನ್ನ ಚರ್ಮ ಬೇಯುತ್ತದೆ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ತಾಳಿಕೊಂಡರೆ ಆರಬಹುದು ಎಂದು ಹಲ್ಲು ಕಚ್ಚಿದೆ. 

ಆಗ ವಾಸನೆ ಬಂತು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ, ಸುಡುವುದಕ್ಕೆ ಮೊದಲು ಒಂದು ವಾಸನೆ ಏಳುತ್ತದೆ. ಲಾಂಡ್ರಿಯಲ್ಲಿ ನಾನು ಅದಕ್ಕೆ ನಿದ್ದೆಯಿಂದಲೂ ಎದ್ದು ಓಡುವವಳು. ಈಗ ಅದು ನನ್ನ ತಲೆಯಿಂದಲೇ ಬರುತ್ತಿತ್ತು. ಕನ್ನಡಿಯಲ್ಲಿ, ನನ್ನ ಎಡ ಕಿವಿಯ ಹಿಂದಿನ ಫಾಯಿಲ್ಲಿನಿಂದ ಒಂದು ಎಳೆ ಹೊಗೆ ಎದ್ದದ್ದು ಕಾಣಿಸಿತು. ಯಾರೂ ನೋಡಿರಲಿಲ್ಲ. ಮೆಣಸು ಬಣ್ಣದ ಬಟ್ಟಲು ಹಿಡಿದು ಬಂದಳು. ಕಲಸುವಾಗ ಗ್ಲೌಸ್ ಬಿಚ್ಚಿದ್ದಳು. ಕೂದಲು ಯಾವ ಬಣ್ಣಕ್ಕೆ ಬಂದಿದೆ ನೋಡಲು ಬರಿಗೈಯನ್ನು ಅದೇ ಫಾಯಿಲ್ಲಿಗೆ ಚಾಚಿದಳು.

ಅವಳ ಮಣಿಕಟ್ಟನ್ನು ಹಿಡಿದುಕೊಂಡೆ.

"ಮುಟ್ಬೇಡ. ಸುಡುತ್ತೆ."

"ಏನಮ್ಮಾ?"

"ಅವಳು ಹೇಳಿದ್ಲಲ್ಲ, ಆ ನೀರು. ನಾನು ಹಚ್ತೀನಿ. ಬೇಗ ತೊಳಿ."

ಅವಳು ಗ್ಲೌಸ್ ಎಳೆದುಕೊಂಡಳು. ಯಜಮಾನಿ ನಾಲ್ಕು ಹೆಜ್ಜೆಯಲ್ಲಿ ಬಂದಳು. ಇಬ್ಬರೂ ಸೇರಿ ಫಾಯಿಲ್ಲುಗಳನ್ನು ಕಿತ್ತೆಸೆಯುತ್ತಾ ನನ್ನನ್ನು ಬೇಸಿನ್ನಿಗೆ ಎಳೆದುಕೊಂಡು ಹೋದರು. ಕತ್ತು ಹಿಂದಕ್ಕೆ ಬಾಗಿಸಿ ತಣ್ಣೀರು ಬಿಟ್ಟರು. ಆ ನೀರು ಬಿದ್ದಾಗ ನನ್ನ ಬಾಯಿಂದ ಬಂದ ಸದ್ದು ನನ್ನದೆಂದು ನನಗೇ ತಿಳಿಯಲಿಲ್ಲ. ಮೇಲೆ ಚಾವಣಿಯ ಟ್ಯೂಬ್‌ಲೈಟು, ಅದರ ಕೆಳಗೆ ಮಗಳ ಗಲ್ಲ. ಅವಳ ಬೆರಳುಗಳ ಜೊತೆಗೆ ನನ್ನ ಕೂದಲು ಹಿಡಿ ಹಿಡಿಯಾಗಿ ಬೇಸಿನ್ನಿಗೆ ಜಾರುತ್ತಿತ್ತು. ಎಳೆಯುವುದೇ ಬೇಕಿರಲಿಲ್ಲ.

ಬಹಳ ಹೊತ್ತು ತೊಳೆದರು. ಯಜಮಾನಿ ನೆತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, "ಚರ್ಮ ಕೆಂಪಾಗಿದೆ, ಕಿತ್ತಿಲ್ಲ. ಉಳ್ಕೊಂಡ್ರಿ," ಎಂದಳು. ಉಳಿದ ತುಂಡುಗಳನ್ನು ಬುಡದವರೆಗೆ ಕತ್ತರಿಸಿದಳು. ಆಮೇಲೆ ಎತ್ತರದ ಹುಡುಗಿಯನ್ನೂ ಅವಳ ಅತ್ತಿಗೆಯನ್ನೂ ಮುಂದಿನ ಕುರ್ಚಿಗಳ ಕಡೆಗೆ ಕರೆದುಕೊಂಡು ಹೋದಳು. ಬೇಸಿನ್ನುಗಳ ಹತ್ತಿರ ನಾವಿಬ್ಬರೇ ಉಳಿದೆವು.

ಎದುರು ಗೋಡೆಯ ಕನ್ನಡಿಯಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಕೂದಲು ಬೆರಳ ಉಗುರಿನಷ್ಟು, ಹತ್ತಿಯ ಹಾಗೆ ಬೆಳ್ಳಗೆ. ನಮ್ಮಮ್ಮ ಕೊನೆಯ ಬೇಸಿಗೆಯಲ್ಲಿ ಹೀಗೇ ಇದ್ದಳು.

ಮೆಣಸು ನನ್ನೆದುರು ನಿಂತಿದ್ದಳು. 

"ಯಾವಾಗಿಂದ?"

"ಬೆಳಿಗ್ಗೆ ಸ್ವಲ್ಪ ಜಾಸ್ತಿ ಹಚ್ಕೊಂಡೆ."

"ಅದಲ್ಲ. ಬೆಳ್ಳಗಾಗಿದ್ದು ಯಾವಾಗಿಂದ?"

ಇಷ್ಟು ವರ್ಷ ಎಂದು ಹೇಗೆ ಹೇಳಲಿ? ನಿನ್ನ ಕೈ ಮುಟ್ಟಿ ಆಗಲ್ಲ ಎಂದಿದ್ದವಳು ಆದ ಮೇಲೆ ಮುಚ್ಚಿಟ್ಟೆ ಎಂದು ಹೇಗೆ ಹೇಳಲಿ? ತಪ್ಪು ಚಿಕ್ಕದಾಗಿ ಕಾಣಲೆಂದು, "ಈಚೆಗೆ ಕಣೇ. ಮೊನ್ನೆ ಮೊನ್ನೆ," ಎಂದುಬಿಟ್ಟೆ.

 ಅವಳು ನಿಂತಲ್ಲೇ ಕುಸಿದು, ಒದ್ದೆ ನೆಲದ ಮೇಲೆ, ನನ್ನ ಕೂದಲಿನ ನಡುವೆ ಕೂತುಬಿಟ್ಟಳು. "ನೀನೂನಾ," ಎಂದಳು, ನನ್ನ ಮೊಣಕಾಲಿಗೆ ಹಣೆ ಒತ್ತಿಕೊಂಡು. "ಇಬ್ಬರೂ ಒಂದೇ ವರ್ಷದಲ್ಲಾ?"

ಅವಳ ಮಾತು ನನಗೆ ಅರ್ಥವಾಗಲಿಲ್ಲ. ಅವಳ ತಲೆ ನನ್ನ ಮಡಿಲ ಮುಂದಿತ್ತು. ಆ ತಿಂಗಳ ಬಣ್ಣ ಎಳೆ ಹಸಿರು. ಟ್ಯೂಬ್‌ಲೈಟಿನ ಬೆಳಕು ನೇರ ಬೈತಲೆಯ ಮೇಲೆ ಬೀಳುತ್ತಿತ್ತು. ಹಸಿರು ಬುಡದವರೆಗೆ ಇರಲಿಲ್ಲ. ಬಣ್ಣ ಹಚ್ಚಿ ಎಷ್ಟೋ ದಿನವಾಗಿತ್ತು, ಬುಡ ಬೆರಳಗಲ ಬೆಳೆದಿತ್ತು. ಅಲ್ಲಿ ಕಪ್ಪು ಗೆರೆ ಇರಬೇಕಿತ್ತು. ಇರಲಿಲ್ಲ. ಹೊಸದಾಗಿ ಹುಟ್ಟಿದ ಕೂದಲು, ಯಾವ ಬ್ಲೀಚೂ ಮುಟ್ಟದ ಕೂದಲು, ಹಣೆಯಿಂದ ನೆತ್ತಿಯವರೆಗೆ ಬೆಳ್ಳಗಿತ್ತು.

ಇರುವೆ ಸಾಲು ನಿಂತದ್ದು ಶಿಸ್ತಿನಿಂದಲ್ಲ. ಇರುವೆಗಳೇ ಇರಲಿಲ್ಲ. ಬ್ಲೀಚಿನಿಂದ ಬೆಳ್ಳಗಾದ ಕೂದಲಿನ ಮೇಲೆ ಗುಲಾಬಿ, ನೀಲಿ, ಹಸಿರು ಹಚ್ಚಿಕೊಂಡು ತಿರುಗಿದರೆ ಬಿಳಿ ಬುಡವನ್ನು ಯಾರು ಗುರುತಿಸುತ್ತಾರೆ? ಬೆಳಿಗ್ಗೆ ನನಗೆ ಹೊಳೆದಿದ್ದ ಅದೇ ಮುಚ್ಚಳ. ನನ್ನ ಮಗಳಲ್ಲವೇ.

ನನಗಾಗಿ ನಾನು ಅಷ್ಟೊಂದು ಹೆದರಿದ್ದೆ ಎಂದುಕೊಂಡಿದ್ದೆನಲ್ಲ, ಅದು ಹೆದರಿಕೆಯೇ ಅಲ್ಲ. ಹೆದರಿಕೆ ಏನೆಂದು ಆಗ ತಿಳಿಯಿತು.  ಇಪ್ಪತ್ತೆರಡು ವರ್ಷ ಈ ಹುಡುಗಿಗೆ.

"ಯಾವಾಗಿಂದ?" ಈ ಸಲ ಕೇಳಿದವಳು ನಾನು.

"ಹೋದ ಚಳಿಗಾಲ." ಮೊಣಕಾಲಿನ ಮೇಲಿಂದ ಹಣೆ ಎತ್ತದೆಯೇ ಹೇಳಿದಳು. "ಇನ್ನು ಸ್ವಲ್ಪ ದಿನ ಉಳಿದಿದೆ. ಅಷ್ಟರಲ್ಲಿ ಒಂದು ಸಲ ಕುರ್ಚಿ ಸಿಕ್ಕಿದ್ರೆ ಸಾಕು ಅಂತಿದ್ದೆ."

ಈ ವರ್ಷವೇ ಆಗಬೇಕು ಎಂಬ ಜಪ. ಅದಕ್ಕೆ ನಾನು ಕುರ್ಚಿಯ ಕಾಲಿನ ಜೋಕು ಹೇಳಿದ್ದೆ.

"ಮೆಣಸು, ಇಲ್ಲಿ ನೋಡು. ಸುಳ್ಳು ಹೇಳ್ದೆ. ಮೊನ್ನೆಯಿಂದ ಅಲ್ಲ. ನೀನು ಹೈಸ್ಕೂಲಲ್ಲಿದ್ದಾಗಿಂದ. ಆಗಿಂದ ಬೆಳ್ಳಗಿದೆ. ನಾನು ಸತ್ತಿದ್ದೀನಾ?"

ಅವಳು ತಲೆ ಎತ್ತಿ ನೋಡಿದಳು. ಕಣ್ಣಲ್ಲಿ ಒಂದು ಚೂರೂ ನಂಬಿಕೆ ಇರಲಿಲ್ಲ.

"ನಂಗೆ ಸಮಾಧಾನಕ್ಕೆ ಹೇಳ್ತಿದೀಯ."

"ಇಲ್ವೇ."

"ಆಗ್ಲೇ ಮೇಡಂ ಎದುರು ಏನೂ ಹಚ್ಚಿಲ್ಲ ಅಂದೆ. ಈಗ ಮೊನ್ನೆ ಅಂದೆ. ಈಗ ಹೈಸ್ಕೂಲು ಅಂತೀಯ. ಯಾವುದನ್ನ ನಂಬ್ಲಿ?"

 ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಅವಳ ಜೀವಕ್ಕೆ ಬೇಕಾಗಿದ್ದ ಒಂದೇ ಒಂದು ಸಾಕ್ಷಿ ನಾನು. ಬೆಳ್ಳಗಾದ ಮೇಲೂ ಬದುಕಿ, ಜಗಳವಾಡಿ, ಜಿಪ್ಪು ಹೊಲಿದುಕೊಂಡು ಓಡಾಡುತ್ತಿದ್ದ ಸಾಕ್ಷಿ. ಆ ಸಾಕ್ಷಿಯನ್ನು ಕಕ್ಕಸಿನ ಬ್ರಷ್ಷಿನ ಹಿಂದೆ ಬಚ್ಚಿಟ್ಟು, ಹುಡುಗಿಯನ್ನು ವರ್ಷವಿಡೀ ಸಾವಿನ ಜೊತೆ ಒಂಟಿಯಾಗಿ ಮಲಗಿಸಿದ್ದೆ. ಈಗ ನಿಜ ಹೇಳಿದರೂ ಅದಕ್ಕೆ ಬೆಲೆಯಿರಲಿಲ್ಲ. ನನಗೆ ಅಳು ಬಂತು, ಅತ್ತೆ.

ಅಳುತ್ತಾ ಕೂತಿದ್ದವಳಿಗೆ ಆ ಎತ್ತರದ ಹುಡುಗಿಯ ಮಾತು ನೆನಪಾಯಿತು.

"ನನ್ನನ್ನ ಕೇಳ್ಬೇಡ," ಎಂದೆ. "ಕೂದಲನ್ನೇ ಕೇಳು. ನಿಂಗೆ ಓದೋಕೆ ಬರುತ್ತಲ್ಲ."

 ಅವಳು ಎದ್ದು ಬೇಸಿನ್ನಿಗೆ ಕೈ ಹಾಕಿದಳು. ತುಂಡು ತುಂಡಾಗಿ ಬಿದ್ದಿದ್ದರ ನಡುವೆ ಹುಡುಕಿ, ಬುಡದಿಂದಲೇ ಕಿತ್ತು ಬಂದಿದ್ದ ಒಂದು ಉದ್ದನೆಯ ಗೊಂಚಲನ್ನು ಎತ್ತಿದಳು. ನನ್ನ ಕೂದಲು ಸೊಂಟದವರೆಗೆ ಇತ್ತು. ಟವೆಲಿನಲ್ಲಿ ಒತ್ತಿ ಒರೆಸಿ, ಹರಿಯದ ಹಾಗೆ ಕಪ್ಪು ಟ್ರೇಯ ಮೇಲೆ ಉದ್ದಕ್ಕೆ ಮಲಗಿಸಿ, ದೀಪದ ಕೆಳಗೆ ಎಳೆದುಕೊಂಡಳು.

ಔಷಧಿಯ ಕಪ್ಪು ಬರೀ ಮೇಲಿನ ಲೇಪ, ಕುದ್ದು ತೊಳೆದುಹೋಗಿತ್ತು. ಹುಟ್ಟು ಕಪ್ಪು ಕೂದಲಾಗಿದ್ದರೆ ಇಷ್ಟು ಹೊತ್ತಿನ ಬ್ಲೀಚಿಗೆ ಇಟ್ಟಿಗೆಯಾಗಿರಬೇಕು, ಹೆಚ್ಚೆಂದರೆ ಕಿತ್ತಳೆ. ಯಾರ ತಲೆಯೂ ಕಿತ್ತಳೆ ದಾಟದೆ ಬೆಳ್ಳಗಾಗದು. ಅವಳು ಬುಡದಿಂದ ಶುರುಮಾಡಿದಳು. ಹೆಬ್ಬೆರಳು, ಕಿರುಬೆರಳು ಚಾಚಿ ಒಂದು ಗೇಣು ಇಟ್ಟಳು. ಬಾಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬಿಳಿ. ಒಂದು ಗೇಣು ಕೂದಲು ಬೆಳೆಯಲು ವರ್ಷದ ಮೇಲೆ ಬೇಕು ಎಂದು ಅವಳೇ ನನಗೆ ಹೇಳಿಕೊಟ್ಟಿದ್ದಳು. ಇನ್ನೊಂದು ಗೇಣು ಇಟ್ಟಳು. ಬಿಳಿ. ಅವಳ ಉಸಿರು ಜೋರಾಗಿ ಕೇಳುತ್ತಿತ್ತು.  ಎಲ್ಲಾದರೂ ಒಂದು ಕಿತ್ತಳೆ ಎಳೆ ಸಿಕ್ಕಿಬಿಟ್ಟರೆ ಎಂದು, ಇಷ್ಟು ವರ್ಷ ಕಪ್ಪಿಗಾಗಿ ಬಾಟಲಿ ಸುರಿದವಳು ಬಿಳಿಗಾಗಿ ಕೈ ಮುಗಿದು ಕೂತಿದ್ದೆ. ಇನ್ನೊಂದು ಗೇಣು. ತುದಿಯವರೆಗೆ ಹೋದಳು. ತುದಿಯನ್ನು ಬೆರಳ ಮೇಲೆ ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಕಿತ್ತಳೆ ಇಲ್ಲ," ಎಂದಳು.  "ಎಲ್ಲೂ ಇಲ್ಲ."

"ಹೇಳ್ದೆನಲ್ಲ."

ಅವಳು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಉರಿಯುತ್ತಿತ್ತು, ಸುಮ್ಮನಿದ್ದೆ. ಬೆರಳಿನಿಂದ ಆ ಮೊಂಡು ಕೂದಲನ್ನು ಸೀಳಿ ಸೀಳಿ ನೋಡಿದಳು, ಹಿಂದೆ ನೋಡುತ್ತಿದ್ದ ಹಾಗೇ. ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ ಕೇಳಿದಳು:

"ಮುಚ್ಚಿಟ್ಟಿದ್ದಕ್ಕೇ ಏನೂ ಆಗ್ಲಿಲ್ಲ ಅಂತಾದ್ರೆ?"

 ಯಾರಿಗೂ ಹೇಳದ ನನ್ನ ಮಾತು ಅವಳ ಬಾಯಲ್ಲಿ ಹೇಗೆ ಬಂತು? ಹುಚ್ಚಿ ಎಂದು ಗದರಿಸಬಹುದಿತ್ತು. ಆದರೆ ಅದಕ್ಕೆ ಮೊದಲು ನನ್ನನ್ನೇ ಗದರಿಸಿಕೊಳ್ಳಬೇಕಿತ್ತು, ಅದು ನನ್ನಿಂದ ಒಂದು ದಿನವೂ ಆಗಿರಲಿಲ್ಲ.

"ಹಾಗಾದ್ರೆ ಇವತ್ತಿಂದ ಮುಚ್ಚಲ್ಲ," ಎಂದೆ.  "ನಿನ್ನ ಕಣ್ಣೆದುರಿಗೇ ಇರ್ತೀನಿ. ದಿನಾ ನೋಡ್ತಾ ಇರು."

ಹೊರಡುವಾಗ ಯಜಮಾನಿ ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ಒಂದು ಸ್ಕಾರ್ಫ್ ಇತ್ತು. "ಕಟ್ಕೊಳ್ಳಿ ಅಮ್ಮಾ. ಬೀದೀಲಿ ಜನ ನೋಡ್ತಾರೆ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದು. ಕೈ ಚಾಚಿಬಿಡುತ್ತಿದ್ದೆ, ಮಗಳು ನೋಡುತ್ತಿದ್ದಳು.

"ಬೇಡ ಮೇಡಂ," ಎಂದೆ.

ಯಜಮಾನಿ ಮೆಣಸಿನ ಕಡೆ ತಿರುಗಿದಳು. "ಕೈ ಚೆನ್ನಾಗಿದೆ ನಿಂದು. ಆದ್ರೆ ಟೆಸ್ಟ್ ಮಾಡ್ಲಿಲ್ಲ. ಈ ವರ್ಷ ಕುರ್ಚಿ ಕೊಡೋಕಾಗಲ್ಲ."

ನಾನು ಮಗಳ ಮುಖ ನೋಡಲಾರದೆ ಅವಳ ಕೈ ನೋಡಿದೆ. ಅದರಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿದ ಆ ಬಿಳಿ ಗೊಂಚಲು ಇತ್ತು. 

"ಆಗ್ಲಿ ಮೇಡಂ," ಎಂದಳು. ಸ್ವಲ್ಪ ತಡೆದು, ಪ್ರತಿ ಮಾತನ್ನೂ ಮುಟ್ಟಿ ನೋಡುವವಳ ಹಾಗೆ, "ಮುಂದಿನ ವರ್ಷ ಬರ್ತೀವಿ. ಇಬ್ಬರೂ ಬರ್ತೀವಿ," ಎಂದಳು.

ಬಾಗಿಲು ತೆರೆದು ಹೊರಗೆ ಹೆಜ್ಜೆ ಇಟ್ಟೆ. ಎಲ್ಲ ಕಡೆಯೂ ಬಿಸಿಲಿತ್ತು. ನನ್ನ ಬೋಳು ಬಿಳಿ ತಲೆಯ ಮೇಲೆ ಗಾಳಿ ತಣ್ಣಗೆ ಬೀಸಿತು, ನಾನು ನಡುಗಿದೆ. ಮಗಳು ಬಂದು ಕೈ ಹಿಡಿದುಕೊಂಡಳು.